ಗೊಟ್‌ಹಾರ್ಡ್: ಸುರಂಗದಲ್ಲಿ ನುಗ್ಗುವುದಾ, ಘಾಟಿ ಹತ್ತುವುದಾ?

ಪ್ರಶ್ನೆ

ಜುಲೈನಲ್ಲಿ ಅಪ್ಪ ಅಮ್ಮ ಶಿವಮೊಗ್ಗದಿಂದ ಸ್ವಿಟ್ಜರ್ಲೆಂಡಿನ ನಮ್ಮ ಮನೆಗೆ ಬರುತ್ತಿದ್ದಾರೆ. ಒಂದು ಶನಿವಾರ ಜ್ಯೂರಿಕ್‌ನಿಂದ ಲುಗಾನೊಗೆ ಕಾರಿನಲ್ಲಿ ಕರೆದುಕೊಂಡು ಹೋಗುವ ಯೋಚನೆ. ಆಫೀಸಿನಲ್ಲಿ ಎಲ್ಲರದ್ದೂ ಒಂದೇ ಮಾತು: ಆಲ್ಪ್ಸ್ ಬೆಟ್ಟದ ಕೆಳಗೆ ಹಾಯುವ ಗೊಟ್‌ಹಾರ್ಡ್ ಸುರಂಗದಲ್ಲಿ ಹೋಗಿ, ಬೇಗ ಮುಟ್ಟುತ್ತೀರಿ ಅಂತ. ಆದರೆ ಅಪ್ಪ ಹೈಸ್ಕೂಲಿನಲ್ಲಿ ಇತಿಹಾಸದ ಮೇಷ್ಟ್ರಾಗಿದ್ದವರು. ಮೇಲಿನ ಘಾಟಿ ರಸ್ತೆಯ ಬಗ್ಗೆ ಎಲ್ಲೋ ಓದಿಕೊಂಡು ಈಗಲೇ ಫೋನಿನಲ್ಲಿ ಪ್ರಶ್ನೆ ಶುರು ಮಾಡಿದ್ದಾರೆ. ಅಮ್ಮನಿಗೆ ತಿರುವಿನ ರಸ್ತೆ ಆಗುವುದಿಲ್ಲ, ಆಗುಂಬೆ ಇಳಿಯುವಾಗಲೂ ಕಣ್ಣು ಮುಚ್ಚಿಕೊಂಡೇ ಕೂರುತ್ತಾರೆ. ಮೇಲೆ ಹೋಗುವುದು ಬೇಕಾ? ನೋಡುವುದಕ್ಕೆ ಏನಿದೆ? ಹೋಗಿ ಬಂದವರು ಹೇಳಿ.

ಲುತ್ಸರ್ನ್‌ನಿಂದ ಒಬ್ಬರು

ಹೋಗಿ. ಆದರೆ ತುದಿ ಮುಟ್ಟುವುದೇ ಗುರಿ ಅಂತ ಹೊರಡಬೇಡಿ. 2,106 ಮೀಟರ್ ಎತ್ತರದ ಆ ತುದಿಯಲ್ಲಿ ಬೋಳು ಬಂಡೆ, ಪುಟ್ಟ ಕೆರೆಗಳು, ಹಿಂದಿನ ಕಾಲದ ಧರ್ಮಶಾಲೆಯ ಕಟ್ಟಡ, ಒಂದು ಮ್ಯೂಸಿಯಂ, ಸಾಲು ಸಾಲು ಬೈಕುಗಳು ಇವೆ. ಚೆನ್ನಾಗಿದೆ, ಇಲ್ಲ ಅಂತಲ್ಲ. ಆದರೆ ಈ ದಾರಿಯ ಕಥೆಯೆಲ್ಲ ಇರುವುದು ಅದಕ್ಕಿಂತ ಕೆಳಗೆ, ಉತ್ತರ ಬದಿಯ ಗೋಶೆನೆನ್ ಮತ್ತು ಆಂಡರ್‌ಮಾಟ್ ಊರುಗಳ ನಡುವಿನ ಶೋಲೆನೆನ್ ಕಮರಿಯಲ್ಲಿ. ಟೈಮ್ ಇದ್ದಷ್ಟೂ ಅಲ್ಲೇ ಕಳೆಯಿರಿ.

ನಿಮ್ಮ ತಂದೆಯವರಿಗೆ ಹೀಗೆ ಹೇಳಿ. ಆಲ್ಪ್ಸ್ ದಾಟಿ ಉತ್ತರದಿಂದ ಇಟಲಿ ಕಡೆಗೆ ಹೋಗಬೇಕಾದರೆ ಸುತ್ತಮುತ್ತಲ ಎಷ್ಟೋ ದಾರಿಗಳಲ್ಲಿ ಒಂದು ಬೆಟ್ಟಸಾಲು ಹತ್ತಿ ಇಳಿದು ಮತ್ತೊಂದನ್ನು ಹತ್ತಬೇಕು. ಗೊಟ್‌ಹಾರ್ಡ್‌ನಲ್ಲಿ ಒಂದೇ ಸಲ ಹತ್ತಿದರೆ ಮುಗಿಯಿತು. ಹಾಗಿದ್ದೂ ರೋಮನ್ನರು ಇದನ್ನು ಹೆದ್ದಾರಿ ಮಾಡಿಕೊಳ್ಳಲಿಲ್ಲ. ಶೋಲೆನೆನ್ ಬಿಡಲಿಲ್ಲ. ಎರಡೂ ಕಡೆ ಗ್ರಾನೈಟ್ ಗೋಡೆ, ನಡುವೆ ಬೋರ್ಗರೆಯುವ ರಾಯ್ಸ್ ನದಿ, ಕಾಲಿಡುವುದಕ್ಕೆ ಜಾಗವೇ ಇಲ್ಲ. ಸುಮಾರು 1220ರ ದಶಕದಲ್ಲಿ ಸ್ಥಳೀಯರು ಅಲ್ಲಿಗೊಂದು ಮರದ ಸೇತುವೆ ಹಾಕಿದರು, ಬಂಡೆಯ ಮಗ್ಗುಲಿಗೆ ಹಲಗೆಯ ಕಾಲುದಾರಿ ಕಟ್ಟಿದರು. ಅಲ್ಲಿಂದ ಲೆಕ್ಕವೇ ಬದಲಾಯಿತು. ಹೇಸರಗತ್ತೆಗಳ ಮೇಲೆ ದಕ್ಷಿಣದಿಂದ ವೈನ್ ಬರತೊಡಗಿತು. ಇತ್ತಲಿಂದ ಚೀಸ್, ದನಗಳು ಹೋದವು. 1231ರಲ್ಲಿ ಘಾಟಿಯ ಉತ್ತರಕ್ಕಿರುವ ಊರಿ ಕಣಿವೆಯನ್ನು ಮಧ್ಯದ ಪಾಳೆಗಾರರಿಂದ ಬಿಡಿಸಿ ನೇರವಾಗಿ ಪವಿತ್ರ ರೋಮನ್ ಸಾಮ್ರಾಜ್ಯದ ಕೈಕೆಳಗೆ ತಂದರು. ಆ ಸಣ್ಣ ಕಣಿವೆಗೆ ಇಷ್ಟು ಬೆಲೆ ಬಂದಿದ್ದು ಈ ದಾರಿಯಿಂದಲೇ ಅಂತ ನನ್ನ ಅಭಿಪ್ರಾಯ. ಸ್ವಿಸ್ ಒಕ್ಕೂಟ ಹುಟ್ಟಿದ ಮೂರು ಪ್ರಾಂತ್ಯಗಳಲ್ಲಿ ಊರಿಯೂ ಒಂದು, ನೆನಪಿರಲಿ.

ಈಗ ಕಮರಿಯಲ್ಲಿ ನಿಂತರೆ ಎರಡು ಕಮಾನು ಸೇತುವೆ ಕಾಣುತ್ತವೆ. ಕೆಳಗಿನದು 1830ರದ್ದು, ಮೇಲಿನದು 1958ರದ್ದು. ಅದಕ್ಕೂ ಹಿಂದಿನ 1595ರ ಸೇತುವೆ 1888ರಲ್ಲಿ ಕುಸಿದು ಬಿತ್ತು. ಹೆಸರು ಮಾತ್ರ ಅಂದಿನಿಂದ ಇಂದಿನವರೆಗೆ ಒಂದೇ, ಸೈತಾನನ ಸೇತುವೆ. ಕಟ್ಟಿ ಕಟ್ಟಿ ಸೋತವರು ಸೈತಾನನನ್ನೇ ಕರೆದರಂತೆ. ಮೊದಲು ದಾಟುವ ಜೀವ ನನಗೆ ಅಂದನಂತೆ ಅವನು. ಇವರು ಒಂದು ಆಡನ್ನು ಓಡಿಸಿಬಿಟ್ಟರು! ಪಕ್ಕದ ಬಂಡೆಯ ಮೇಲೆ ಕೆಂಪು ಸೈತಾನನ ಚಿತ್ರವಿದೆ, ಆಡೂ ಇದೆ. ಸಿಟ್ಟಿನಲ್ಲಿ ಅವನು ಎತ್ತಿ ತಂದ ಬಂಡೆ ಅಂತ ಹೇಳುವ ಸುಮಾರು 220 ಟನ್ನಿನ ಕಲ್ಲು ಗೋಶೆನೆನ್‌ನಲ್ಲಿದೆ. 1977ರಲ್ಲಿ ಹೆದ್ದಾರಿಗೆ ಅಡ್ಡ ಬಂದಿತು ಅಂತ ಅದನ್ನು 127 ಮೀಟರ್ ಪಕ್ಕಕ್ಕೆ ಸರಿಸಿದ್ದಾರೆ. ಒಡೆದು ಹಾಕಬಹುದಿತ್ತು, ಒಡೆಯಲಿಲ್ಲ.

ಸೇತುವೆ ದಾಟಿದ ಮೇಲೆ ಬಂಡೆಯಲ್ಲೇ ಕೊರೆದ ದೊಡ್ಡ ಶಿಲುಬೆ, ಕೆಳಗೆ ರಷ್ಯನ್ ಅಕ್ಷರ. ಸ್ವಿಸ್ ಬೆಟ್ಟದಲ್ಲಿ ರಷ್ಯನ್ ಯಾಕೆ ಅಂತ ಅಪ್ಪ ಕೇಳಿಯೇ ಕೇಳುತ್ತಾರೆ. 1799ರ ಸೆಪ್ಟೆಂಬರ್‌ನಲ್ಲಿ ರಷ್ಯಾದ ಜನರಲ್ ಸುವೊರೊವ್ ಇಪ್ಪತ್ತು ಸಾವಿರಕ್ಕೂ ಜಾಸ್ತಿ ಸೈನಿಕರನ್ನು ಕರೆದುಕೊಂಡು ದಕ್ಷಿಣದಿಂದ ಘಾಟಿ ಹತ್ತಿ, ಫ್ರೆಂಚರ ಜೊತೆ ಹೊಡೆದಾಡುತ್ತಾ ಇಲ್ಲಿದ್ದ ಹಳೆಯ ಸೈತಾನನ ಸೇತುವೆಯನ್ನು ದಾಟಿದ. ಸತ್ತ ಸೈನಿಕರ ನೆನಪಿಗೆ ಆ ಶಿಲುಬೆ.

ಬರ್ನ್‌ನಿಂದ ಇನ್ನೊಬ್ಬರು

ಅಮ್ಮನ ಹೊಟ್ಟೆಯ ವಿಷಯ ಯಾರೂ ಹೇಳಲಿಲ್ಲವಲ್ಲ, ಅದನ್ನು ನಾನು ಹೇಳುತ್ತೇನೆ. ಉತ್ತರದ ಕಡೆಯಿಂದ ಹತ್ತುವುದು ಕಷ್ಟವಿಲ್ಲ. ತುದಿಯಿಂದ ದಕ್ಷಿಣದ ಐರೋಲೊ ಊರಿನ ಕಡೆ ಇಳಿಯುವಾಗ ಎರಡು ರಸ್ತೆ ಸಿಗುತ್ತವೆ. ಒಂದು ಹೊಸದು, ಅಗಲ, ಮೇಲೆ ಚಾವಣಿ ಹಾಕಿದ ಭಾಗಗಳೂ ಇವೆ. ಇನ್ನೊಂದು ಹಳೆಯ ತ್ರೆಮೋಲಾ. ಆಗುಂಬೆಯಲ್ಲಿ 14 ತಿರುವು ಅಂತೀವಲ್ಲ, ಇಲ್ಲಿ 24. ಅದೂ ಟಾರಲ್ಲ, ಗ್ರಾನೈಟ್ ಕಲ್ಲು ಜೋಡಿಸಿದ ರಸ್ತೆ, ಸ್ಟಿಯರಿಂಗ್ ಹಿಡಿದ ಕೈ ಗಡಗಡ ಅನ್ನುತ್ತದೆ. ಮಳೆ ಬಂದಿದ್ದರೆ ಜಾರುತ್ತದೆ. ಅಮ್ಮನನ್ನು ಕೂರಿಸಿಕೊಂಡು ಅಲ್ಲಿ ಇಳಿಯುವ ಸಾಹಸ ಬೇಡ. ತುದಿಯಲ್ಲಿ ಕಾರು ನಿಲ್ಲಿಸಿ, ಹಳೆ ರಸ್ತೆಯಲ್ಲಿ ಅಪ್ಪನ ಜೊತೆ ಸ್ವಲ್ಪ ದೂರ ನಡೆದು ನೋಡಿ ವಾಪಸ್ ಬನ್ನಿ. ಅಮ್ಮ ಅಷ್ಟರಲ್ಲಿ ಕಾಫಿ ಕುಡಿಯುತ್ತಿರಲಿ.

ಎತ್ತರದ ಹೆದರಿಕೆ ಬೇಡ. ಊಟಿ ಇದಕ್ಕಿಂತ ಮೇಲಿದೆ. ಆದರೆ ಗಾಳಿ ಊಟಿಯದ್ದಲ್ಲ. ಜುಲೈನಲ್ಲೂ ಸ್ವೆಟರ್, ಕಿವಿ ಮುಚ್ಚುವ ಟೋಪಿ ಕೈಚೀಲದಲ್ಲೇ ಇರಲಿ, ಡಿಕ್ಕಿಯಲ್ಲಲ್ಲ.

ಬೆಲಿಂಜೋನಾದಿಂದ, ಮೂಲ ಧಾರವಾಡ

ನಾನು ಬೇರೆ ಹೇಳ್ತೀನ್ರಿ. ಕಾರು ಬಿಡ್ರಿ, ರೈಲಿಗೆ ಹೋಗ್ರಿ. ಹೊಸ ಸುರಂಗದ ರೈಲಲ್ಲ ಮತ್ತೆ. ಅದು 2016ರಲ್ಲಿ ತೆರೆದ 57 ಕಿಲೋಮೀಟರ್ ಸುರಂಗ, ಇಂಜಿನಿಯರಿಂಗ್ ದೊಡ್ಡದೇ, ಆದರೆ ಒಳಗೆ ಕೂತವರಿಗೆ ಇಪ್ಪತ್ತು ನಿಮಿಷ ಕತ್ತಲು ಅಷ್ಟೇ. ಹಳೆ ಮಾರ್ಗದಲ್ಲಿ ‘ತ್ರೇನೋ ಗೊತ್ತಾರ್ದೋ’ ಅಂತ ರೈಲಿದೆ, ಅದನ್ನು ಹಿಡಿಯಿರಿ. ವಾಸೆನ್ ಊರಿನ ಬಿಳಿ ಚರ್ಚು ಮೂರು ಸಲ ಕಾಣುತ್ತದೆ: ಮೊದಲು ತಲೆ ಮೇಲೆ, ಆಮೇಲೆ ಕಿಟಕಿಯ ನೇರಕ್ಕೆ, ಕೊನೆಗೆ ಕಾಲ ಕೆಳಗೆ. ರೈಲು ಬೆಟ್ಟದ ಹೊಟ್ಟೆಯೊಳಗೆ ಸುತ್ತು ಹಾಕಿ ಹಾಕಿ ಮೇಲೇರುತ್ತದೆ, ಅದಕ್ಕೆ. ಗೋಶೆನೆನ್‌ನಲ್ಲಿ ಇಳಿದು ಹಲ್ಲುಗಾಲಿ ರೈಲಿನಲ್ಲಿ ಆಂಡರ್‌ಮಾಟ್, ಅಲ್ಲಿಂದ ಬೇಸಿಗೆಯಲ್ಲಿ ಓಡುವ ಹಳದಿ ಅಂಚೆ ಬಸ್ಸಿನಲ್ಲಿ ಘಾಟಿ ದಾಟಿ ಐರೋಲೊ. ಕಮರಿಯೂ ಆಯಿತು, ತುದಿಯೂ ಆಯಿತು.

ಐರೋಲೊ ಸ್ಟೇಷನ್ನಿನ ಹತ್ತಿರ ಒಂದು ಕಂಚಿನ ಉಬ್ಬುಶಿಲ್ಪವಿದೆ, ವಿನ್ಚೆಂಜೊ ವೇಲಾ ಮಾಡಿದ್ದು. ಸತ್ತ ಕೂಲಿಯವನನ್ನು ಜೊತೆಗಾರರು ಎತ್ತಿಕೊಂಡು ಬರುತ್ತಿದ್ದಾರೆ. ಅದನ್ನು ತಪ್ಪಿಸಬೇಡ್ರಿ. 15 ಕಿಲೋಮೀಟರಿನ ಹಳೆ ರೈಲು ಸುರಂಗ ಕೊರೆದಿದ್ದು 1872ರಿಂದ, ರೈಲು ಓಡಿದ್ದು 1882ರಲ್ಲಿ. ಸರ್ಕಾರಿ ಲೆಕ್ಕದಲ್ಲೇ 199 ಜನ ಸತ್ತರು. 1875ರಲ್ಲಿ ಗೋಶೆನೆನ್‌ನಲ್ಲಿ ಕೆಲಸಗಾರರು ಮುಷ್ಕರ ಹೂಡಿದಾಗ ಗುಂಡು ಹಾರಿಸಿದರು, ನಾಲ್ವರು ಹೋದರು. ಗುತ್ತಿಗೆದಾರ ಲೂಯಿ ಫಾವ್ರ್ ಕೂಡ 1879ರಲ್ಲಿ ಸುರಂಗದೊಳಗೇ ಕುಸಿದು ಸತ್ತ. ಮುಂದಿನ ವರ್ಷ ಫೆಬ್ರವರಿ 29ಕ್ಕೆ ಎರಡೂ ಕಡೆಯವರು ಸೇರಿದಾಗ, ಆ ತೂತಿನಿಂದ ಮೊದಲು ದಾಟಿಸಿದ್ದು ಒಂದು ಡಬ್ಬಿಯಲ್ಲಿಟ್ಟ ಅವನ ಫೋಟೋವನ್ನಂತೆ.

ಬಾಸೆಲ್‌ನಲ್ಲಿರುವ ಒಬ್ಬ ಡಾಕ್ಟರ್

ಮೇಲಿನವರ ಮಾತಿಗೆ ಒಂದು ಸೇರ್ಪಡೆ. ಆ ಸುರಂಗದ ಕೂಲಿಗಳು ರಕ್ತವಿಲ್ಲದೆ ಬಿಳಿಚಿಕೊಂಡು ಬೀಳುತ್ತಿದ್ದರು. 1880ರಲ್ಲಿ ಇಟಲಿಯ ತೂರಿನ್ ವೈದ್ಯರು ನೋಡಿದರೆ ಕಾರಣ ಕೊಕ್ಕೆಹುಳು! ಹೊರಗೆ ಹಿಮ, ಒಳಗೆ ಬಿಸಿ, ಒದ್ದೆ, ಶೌಚಕ್ಕೆ ವ್ಯವಸ್ಥೆ ಇಲ್ಲ. ಹುಳುವಿಗೆ ಮತ್ತೇನು ಬೇಕು? ನಮ್ಮ ಊರುಗಳಲ್ಲಿ ಬರಿಗಾಲಲ್ಲಿ ಗದ್ದೆಗೆ ಹೋದವರಿಗೆ ಬರುತ್ತಿದ್ದ ಕಾಯಿಲೆ ಅದು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ಅಪ್ಪನಿಗೆ ಓದಿ ಹೇಳಿದೆ, ಆಡಿನ ಕಥೆಗೆ ಜೋರಾಗಿ ನಕ್ಕರು. ಈಗ ಅವರದ್ದೇ ಪ್ರಶ್ನೆ: ತುದಿಯಲ್ಲಿ ಬಿದ್ದ ಮಳೆ ಯಾವ ಸಮುದ್ರಕ್ಕೆ ಹೋಗುತ್ತದೆ? ನನ್ನ ಪ್ರಶ್ನೆ: ಅಮ್ಮ ಮೊಟ್ಟೆಯನ್ನೂ ಮುಟ್ಟಲ್ಲ, ಊಟಕ್ಕೆ ಏನು ಮಾಡುವುದು? ಕಾರಿನಲ್ಲೇ ಹೋಗುತ್ತೇವೆ, ಅಮ್ಮನಿಗೆ ರೈಲು ಬಸ್ಸು ಹತ್ತಿ ಇಳಿಯುವುದು ಕಷ್ಟ.

ಲುತ್ಸರ್ನ್‌ನವರು ಮತ್ತೆ

ಒಳ್ಳೆಯ ಪ್ರಶ್ನೆ ಕೇಳಿದ್ದಾರೆ ಮೇಷ್ಟ್ರು. ಉತ್ತರಕ್ಕೆ ಹರಿದರೆ ರಾಯ್ಸ್, ಅದು ಆರೆ ನದಿಗೆ, ಆರೆ ರೈನ್‌ಗೆ, ಕೊನೆಗೆ ಉತ್ತರ ಸಮುದ್ರ. ದಕ್ಷಿಣಕ್ಕಾದರೆ ತಿಚೀನೊ, ಆಮೇಲೆ ಪೋ, ಆಮೇಲೆ ವೆನಿಸ್ ಇರುವ ಏಡ್ರಿಯಾಟಿಕ್. ಪಶ್ಚಿಮಕ್ಕೆ ಫುರ್ಕಾ ಘಾಟಿಯ ಆಚೆ ರೋನ್ ಹುಟ್ಟುತ್ತದೆ, ಪೂರ್ವಕ್ಕೆ ಓಬರಾಲ್ಪ್ ಹತ್ತಿರ ರೈನ್. ನಾಲ್ಕೂ ಹತ್ತಿರ ಹತ್ತಿರದಲ್ಲೇ. ದಾರಿಯಲ್ಲಿ ಹೋಸ್ಪೆಂಟಾಲ್ ಊರಿನ ಕವಲಿನಲ್ಲಿ ಚಿಕ್ಕ ಚಾಪೆಲ್ ಇದೆ. ಅದರ ಗೋಡೆಯ ಮೇಲಿನ ಜರ್ಮನ್ ಪದ್ಯ, ಗೆಳೆಯಾ ಯಾವ ಕಡೆ ಹೊರಟೆ, ರೋಮಿಗಾ, ಕಲೋನ್‌ಗಾ, ಫ್ರಾನ್ಸಿಗಾ ಅಂತ ದಾರಿಹೋಕರನ್ನು ಕೇಳುತ್ತದೆ. ಮೇಷ್ಟ್ರಿಗೆ ತೋರಿಸಿ.

ಘಾಟಿ ರಸ್ತೆಗೆ ಟೋಲ್ ಇಲ್ಲ. ಅಲ್ಲಿಯವರೆಗಿನ ಹೆದ್ದಾರಿಗೆ 40 ಫ್ರಾಂಕಿನ ವಿನ್ಯೆಟ್, ಅಂದರೆ ಹೆದ್ದಾರಿ ಶುಲ್ಕದ ಪರವಾನಗಿ ಬೇಕು, ನಿಮ್ಮ ಕಾರಿಗೆ ಇದ್ದೇ ಇರುತ್ತದೆ. ಜುಲೈ ಶನಿವಾರ ಅಂದರೆ 16.9 ಕಿಲೋಮೀಟರಿನ ರಸ್ತೆ ಸುರಂಗದ ಬಾಯಲ್ಲಿ ಕಿಲೋಮೀಟರ್‌ಗಟ್ಟಲೆ ಕ್ಯೂ. ಆಫೀಸಿನವರು ಹೇಳಿದ ‘ಬೇಗ’ ಅವತ್ತು ಸಿಗಲ್ಲ. ಬೆಳಿಗ್ಗೆ ಆರಕ್ಕೇ ಹೊರಟುಬಿಡಿ. ರಸ್ತೆ ಸಾಮಾನ್ಯವಾಗಿ ಜೂನ್‌ನಿಂದ ಅಕ್ಟೋಬರ್‌ವರೆಗೆ ತೆರೆದಿರುತ್ತದೆ, ಆದರೂ ಹಿಂದಿನ ರಾತ್ರಿ ಒಮ್ಮೆ ನೋಡಿಕೊಳ್ಳಿ. ಉತ್ತರದಲ್ಲಿ ಮೋಡ ಕವಿದಿದೆ ಅಂತ ಟ್ರಿಪ್ ಕ್ಯಾನ್ಸಲ್ ಮಾಡಬೇಡಿ, ಎಷ್ಟೋ ಸಲ ಆ ಕಡೆ ಇಳಿದರೆ ಬಿಸಿಲು.

ಊಟಕ್ಕೆ ಚಿತ್ರಾನ್ನ, ಚಪಾತಿ ಕಟ್ಟಿಕೊಳ್ಳಿ. ಮೊಸರನ್ನು ಆಂಡರ್‌ಮಾಟ್‌ನ ಸೂಪರ್‌ಮಾರ್ಕೆಟ್‌ನಲ್ಲಿ ತೆಗೆದುಕೊಂಡರಾಯಿತು. ಮೇಲಿನ ಹೋಟೆಲಿನಲ್ಲಿ ಆಲೂಗಡ್ಡೆ ರೋಸ್ಟಿ ಸಿಕ್ಕರೂ ಬೇಕನ್, ಮೊಟ್ಟೆ ಬೇಡ ಅಂತ ಮೊದಲೇ ಹೇಳಿ. ಐರೋಲೊದಲ್ಲಿ ಚೀಸ್ ಮಾಡುವ ಡೇರಿ ಇದೆ, ಆದರೆ ಇಲ್ಲಿನ ಚೀಸ್‌ಗೆ ಸಾಮಾನ್ಯವಾಗಿ ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪು ಹಾಕುತ್ತಾರೆ. ಅಮ್ಮನಿಗೆ ಕೊಡುವ ಮುಂಚೆ ವಿಚಾರಿಸಿ.