ಒಂಬತ್ತು ವರ್ಷದ ಮಗಳು ಇಂಥ ರಿಯಾಲಿಟಿ ಶೋ ನೋಡಬಹುದಾ?

ಇಬ್ಬರಮಕ್ಕಳಮ್ಮ:
ಮಗನಿಗೆ ಹದಿಮೂರು, ಮಗಳಿಗೆ ಒಂಬತ್ತು. ಎಲಿಮಿನೇಷನ್ ಇರುವ ಶೋ ಯಾವುದನ್ನೂ ಮಗ ಬಿಡುವುದಿಲ್ಲ. ಅವನು ಕೂತರೆ ಅವಳೂ ಪಕ್ಕದಲ್ಲಿ ಹಾಜರ್. ಹಾಡಿನದು, ಡ್ಯಾನ್ಸಿನದು ಪರವಾಗಿಲ್ಲ. ಒಂದು ಮನೆಯಲ್ಲಿ ಕೂಡಿಹಾಕಿ ಜಗಳ ಆಡಿಸುತ್ತಾರಲ್ಲ, ಅದರದ್ದೇ ತಲೆನೋವು. ಮೊನ್ನೆ ಗೊಂಬೆಗಳನ್ನು ಸಾಲಾಗಿ ಕೂರಿಸಿಕೊಂಡು, "ನಿನ್ನನ್ನು ನಾಮಿನೇಟ್ ಮಾಡ್ತೀನಿ, ಯಾಕಂದ್ರೆ ನೀನು ಫೇಕ್" ಅಂತ ಒಂದಕ್ಕೆ ಹೇಳುತ್ತಿದ್ದಳು. ಮೊದಲು ನಗು ಬಂತು, ಆಮೇಲೆ ಯೋಚನೆ ಶುರುವಾಯಿತು. ಯಾವ ವಯಸ್ಸಿಗೆ ಅಂತ ಹೇಳುವ ರೇಟಿಂಗ್ ನೋಡಿ ಬಿಟ್ಟರೆ ಸಾಕಾ? ಪೂರ್ತಿ ನಿಲ್ಲಿಸಿದರೆ ಮನೆಯಲ್ಲಿ ಮಹಾಯುದ್ಧ.

ರಿಮೋಟ್‌ರಾಯ:
ಸುಮ್ನೆ ನಿಲ್ಲಿಸಿ. ಎರಡು ದಿನ ಅಳುತ್ತಾರೆ, ಮೂರನೇ ದಿನ ಮರೆಯುತ್ತಾರೆ.

ಕಟ್_ಪೇಸ್ಟ್:
ನಾನು ವಿಡಿಯೋ ಎಡಿಟರ್. ಇಂಥ ಶೋಗಳಿಗೂ ಕೆಲಸ ಮಾಡಿದ್ದೇನೆ. ರೇಟಿಂಗ್ ನೋಡಿ, ಆದರೆ ಅದನ್ನೇ ನಂಬಿಕೊಂಡು ಕೂರಬೇಡಿ. ಅಮೆರಿಕದ ಟಿವಿ-ಪಿಜಿ (ಪೋಷಕರು ಜೊತೆಗಿದ್ದರೆ ಒಳ್ಳೆಯದು), ಟಿವಿ-14 (ಹದಿನಾಲ್ಕರ ಕೆಳಗಿನವರಿಗೆ ಸೂಕ್ತವಲ್ಲ) ರೇಟಿಂಗ್ ಜೊತೆ ಡಿ, ಎಲ್, ಎಸ್, ವಿ ಅಂತ ಅಕ್ಷರ ಬರುತ್ತವೆ. ಪೋಲಿ ಮಾತು, ಕೆಟ್ಟ ಭಾಷೆ, ಸೆಕ್ಸ್, ಹೊಡೆದಾಟ, ಇಷ್ಟಕ್ಕೆ. ಐದು ಜನ ಸೇರಿ ಒಬ್ಬಳನ್ನು ಮೂಲೆಗುಂಪು ಮಾಡಿದರೆ ಅದಕ್ಕೆ ಅಕ್ಷರವೇ ಇಲ್ಲ. ಬೈಗುಳಕ್ಕಾದರೆ ಬೀಪ್ ಹಾಕಿ ಮುಗಿಸುತ್ತಾರೆ. ನಿಮ್ಮ ಮಗಳು ಗೊಂಬೆಗೆ ಹೇಳಿದ್ದರಲ್ಲಿ ಬೀಪ್ ಹಾಕುವಂಥದ್ದು ಏನಿತ್ತು ಹೇಳಿ?

ಭಾರತದಲ್ಲಿ 2021ರ ನಿಯಮದ ಪ್ರಕಾರ ಒಟಿಟಿಯವರು ಯು/ಎ 7+, 13+, 16+ ಅಂತ ಹಾಕಬೇಕು. 13+ ಮತ್ತು ಅದಕ್ಕಿಂತ ಮೇಲಿನದಕ್ಕೆ ಪೇರೆಂಟಲ್ ಲಾಕ್ ಕೊಡಬೇಕು. ಪಿನ್ ಹಾಕಿಡಿ. ಅಣ್ಣನಿಗೆ ಪಿನ್ ಹೇಳಬೇಡಿ, ಅಷ್ಟೇ.

ಇದಕ್ಕಿಂತ ಜಾಸ್ತಿ ಕೆಲಸಕ್ಕೆ ಬರುವುದು, ಶೋ ಹೇಗೆ ಕಟ್ಟುತ್ತಾರೆ ಅಂತ ಮಕ್ಕಳಿಗೆ ತೋರಿಸುವುದು. ಕ್ಯಾಮೆರಾ ಇಡೀ ದಿನ ಓಡುತ್ತದೆ, ನಾವು ನೋಡುವುದು ಒಂದು ಗಂಟೆ. ಒಬ್ಬರು ಮಾತಾಡುವಾಗ ಇನ್ನೊಬ್ಬರು ಮುಖ ಸಿಂಡರಿಸಿದ್ದು ಕಾಣುತ್ತದಲ್ವಾ? ಆ ಮುಖ ಅದೇ ಹೊತ್ತಿನದು ಆಗಿರಲೇಬೇಕು ಅಂತಿಲ್ಲ. ಬೆಳಿಗ್ಗೆ ನೊಣ ಓಡಿಸುವಾಗ ಸಿಂಡರಿಸಿದ ಮುಖವನ್ನು ರಾತ್ರಿಯ ಜಗಳಕ್ಕೆ ಅಂಟಿಸಬಹುದು. ಒಬ್ಬರೇ ಕೂತು ಕ್ಯಾಮೆರಾಗೆ ಹೇಳಿಕೊಳ್ಳುವ ಭಾಗ ಗಮನಿಸಿ. ಮಾತಿನ ಮಧ್ಯೆ ಮುಖ ಮಾಯವಾಗಿ ಬೇರೆ ದೃಶ್ಯ ಬಂತು, ದನಿ ಮಾತ್ರ ಮುಂದುವರಿಯಿತು ಅಂದರೆ, ಅಲ್ಲಿ ಎರಡು ಬೇರೆ ಬೇರೆ ಮಾತು ಹೊಲಿದಿರುವ ಸಾಧ್ಯತೆ ಇದೆ. ಇದನ್ನು ಫ್ರ್ಯಾಂಕನ್‌ಬೈಟ್ ಅನ್ನುತ್ತಾರೆ. ಮುಖ ಮಾಯವಾದ ತಕ್ಷಣ "ಕಟ್!" ಅಂತ ಕೂಗುವ ಆಟ ಆಡಿಸಿ. ಒಂಬತ್ತು ವರ್ಷದವರಿಗೆ ಇದು ಭಲೇ ಖುಷಿ.

ಮಗನಿಗೆ ಬೇರೆ ಥರ ಹೇಳಬಹುದು. ಇಂಥ ಮನೆ-ಜಗಳದ ಶೋಗಳಿಗೆ ಮೂಲವಾದ ಬಿಗ್ ಬ್ರದರ್ 1999ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಶುರುವಾಯಿತು. ಆಗಿನಿಂದಲೂ ಸೂತ್ರ ಅದೇ: ಹೊರಗಿನ ಸಂಪರ್ಕ ಇಲ್ಲ, ಬೇರೆ ಕೆಲಸ ಇಲ್ಲ, ಜೊತೆಗಿದ್ದವರಲ್ಲೇ ಯಾರನ್ನೋ ಹೊರಗೆ ಕಳಿಸಲು ಹೆಸರು ಕೊಡಬೇಕು. ಇಷ್ಟು ಸಾಕು, ಎಂಥ ಒಳ್ಳೆಯವರೂ ಕಚ್ಚಾಡುತ್ತಾರೆ. "ನೀನಿದ್ದರೆ ಯಾರ ಹೆಸರು ಕೊಡ್ತಿದ್ದೆ, ಯಾಕೆ?" ಅಂತ ಕೇಳಿ. ಭಾಷಣ ಮಾತ್ರ ಬೇಡ, ಎದ್ದು ಹೋಗುತ್ತಾನೆ.

ಚಾಕ್‌ಪೀಸ್:
ಐದನೇ ಕ್ಲಾಸಿಗೆ ಪಾಠ ಮಾಡುತ್ತೇನೆ. ಎಡಿಟಿಂಗ್ ಆಟ ಚೆನ್ನಾಗಿದೆ, ಆದರೆ ಅಷ್ಟರಿಂದಲೇ ಎಲ್ಲ ಸರಿಹೋಗುವುದಿಲ್ಲ. ಸುಳ್ಳು ಅಂತ ಗೊತ್ತಿದ್ದರೂ ಮಕ್ಕಳು ಆ ಮಾತು ಕಲಿಯುತ್ತಾರೆ. ನನ್ನ ಕ್ಲಾಸಲ್ಲಿ ಒಂದು ಗುಂಪು ಊಟದ ಬಿಡುವಿನಲ್ಲಿ ವೋಟ್ ಹಾಕಿ ಒಬ್ಬ ಹುಡುಗಿಯನ್ನು "ಔಟ್" ಮಾಡಿತ್ತು. ಅವಳು ಡಬ್ಬಿ ಎತ್ತಿಕೊಂಡು ಬೇರೆ ಬೆಂಚಿಗೆ ಹೋಗಿ ಕೂತಿದ್ದಳು. ಜಗಳದ ಶೋ ಒಂಬತ್ತು ವರ್ಷದವರಿಗೆ ಬೇಡ ಅಂತಲೇ ನನ್ನ ಅಭಿಪ್ರಾಯ. ಅಣ್ಣ ಅವಳು ಮಲಗಿದ ಮೇಲೆ ನೋಡಲಿ. ಇನ್ನೊಂದು, ಟಿವಿ ಆಫ್ ಮಾಡಿದರೂ ಆ ಜಗಳದ ತುಣುಕುಗಳು ಮೊಬೈಲಿನಲ್ಲಿ ದಿನವಿಡೀ ಬರುತ್ತವೆ, ಕೆಳಗೆ ಕೊಳಕು ಕಾಮೆಂಟುಗಳ ಸಮೇತ. ಅದನ್ನು ಮೊದಲು ನೋಡಿ.

ಇಬ್ಬರಮಕ್ಕಳಮ್ಮ:
ಮೊಬೈಲ್ ವಿಷಯ ತಲೆಗೇ ಬಂದಿರಲಿಲ್ಲ, ಥ್ಯಾಂಕ್ಸ್. ಹಾಡಿನ ಶೋನಲ್ಲೂ ಯಾರಾದರೂ ಔಟ್ ಆದರೆ ಅವಳು ಬಿಕ್ಕಿ ಬಿಕ್ಕಿ ಅಳುತ್ತಾಳೆ. ಅದಕ್ಕೇನು ಮಾಡಲಿ?

ಕಟ್_ಪೇಸ್ಟ್:
ಟೀಚರ್ ಹೇಳಿದ್ದು ಒಪ್ಪಿದೆ, ಮನೆ-ಜಗಳದ ಶೋ ಅವಳಿಗೆ ಬೇಡ. ಅಳುವಿಗೆ ಒಂದು ಉಪಾಯ: ಲೈವ್ ಬೇಡ, ಆಮೇಲೆ ಹಾಕಿ. ಫಲಿತಾಂಶ ಹೇಳುವ ಹೊತ್ತಿಗೆ ಮ್ಯೂಟ್ ಮಾಡಿ. ಡ್ರಮ್ ಸದ್ದು ಹೋದರೆ ಉಳಿಯುವುದು ಸುಮ್ಮನೆ ನಿಂತಿರುವ ನಾಲ್ಕು ಜನ, ಅಷ್ಟೇ.

ಇಬ್ಬರಮಕ್ಕಳಮ್ಮ:
ಶನಿವಾರ ಮಾಡಿ ನೋಡ್ತೀನಿ. ಮಗ ಗೊಣಗುತ್ತಾನೆ, ಗೊಣಗಲಿ.