ಸಹಾಯ ಬೇಕು: ಇಂಗುಗುಂಡಿಯ ನೀರು ಬಾವಿಗೆ ಸೇರುತ್ತಿದೆಯಾ, ತಿಳಿಯುವುದು ಹೇಗೆ?

ನಮಸ್ಕಾರ. ನಮ್ಮ ಮನೆ ಉಡುಪಿ ಹತ್ತಿರ, ಕುಡಿಯಲು ತೆರೆದ ಬಾವಿಯೇ ಗತಿ. ಪಕ್ಕದ ಎತ್ತರದ ಜಾಗದಲ್ಲಿ ಹೊಸ ಸೆಪ್ಟಿಕ್ ಟ್ಯಾಂಕ್, ಇಂಗುಗುಂಡಿ ಆಗಿದೆ. ಇಲ್ಲಿಯದು ಮುರಕಲ್ಲಿನ ನೆಲ, ತೂತು ಜಾಸ್ತಿ. ಮಳೆಗಾಲದಲ್ಲಿ ಅಂತರ್ಜಲ ಮೇಲೆ ಬಂದಾಗ ಕೊಳಕು ನೀರು ಸರಿಯಾಗಿ ಸೋಸದೆ ಬಾವಿಗೆ ಬರಬಹುದು ಅಲ್ವಾ? ಮನೆಯಲ್ಲಿ ಸಣ್ಣ ಮಗು ಇದೆ, ಅದೇ ಚಿಂತೆ.

ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು, 100 ಮಿಲಿಲೀಟರಿನಲ್ಲಿ ಒಂದೂ ಇ. ಕೋಲಿ (ಮಲದಲ್ಲಿರುವ ಬ್ಯಾಕ್ಟೀರಿಯಾ) ಇರಬಾರದು. ಕುದಿಸಿದರೆ ಇ. ಕೋಲಿ ಸಾಯುತ್ತದೆ, ನೈಟ್ರೇಟ್ ಹೋಗುವುದಿಲ್ಲ. ಹಾಗಾಗಿ ಎರಡನ್ನೂ ಮಳೆಗೆ ಮುಂಚೆ ಒಮ್ಮೆ, ಜುಲೈನಲ್ಲಿ ಒಮ್ಮೆ ಪರೀಕ್ಷೆ ಮಾಡಿಸುವ ಯೋಚನೆ. ಜೊತೆಗೆ ಕ್ಲೋರೈಡ್ (ಕೊಳಕು ನೀರಿನಲ್ಲಿರುವ ಉಪ್ಪಿನ ಅಂಶ) ನೋಡಿದರೆ ಸಾಕಾ? ಗುಂಡಿಗೂ ಬಾವಿಗೂ ನಡುವಿನ ಮಣ್ಣನ್ನೂ ಪರೀಕ್ಷೆ ಮಾಡಿಸುವುದಾದರೆ ಎಷ್ಟು ಆಳದಿಂದ ತೆಗೆಯಬೇಕು? ಮಾಡಿಸಿದವರು ಇದ್ದರೆ ದಯವಿಟ್ಟು ತಿಳಿಸಿ.