ಆರೋಗ್ಯದ ಪಾಡ್‌ಕಾಸ್ಟ್‌ನಲ್ಲಿ ಊರಿನವರೇ ಮಾತನಾಡುವಂತಾಗಲು ನಿರೂಪಕರು ಏನು ಮಾಡಬೇಕು?

ಮಾಳಮಡ್ಡಿ, ಧಾರವಾಡ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಜನರೇ ಮುಂದೆ ನಿಂತು ತಮ್ಮ ಊರಿನ ಆರೋಗ್ಯ ಸೇವೆಯನ್ನು ಸುಧಾರಿಸಿಕೊಂಡ ಅನುಭವಗಳನ್ನು ಪಾಡ್‌ಕಾಸ್ಟ್ ರೂಪದಲ್ಲಿ ಹೊರತರಲು ನಾವು ಕೆಲವು ಗೆಳೆಯರು ಕೆಲಸ ಆರಂಭಿಸಿದ್ದೇವೆ. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿಯೊಂದರ ಸದಸ್ಯರೊಡನೆ ಧ್ವನಿಮುದ್ರಣಕ್ಕೆ ಕುಳಿತಾಗ, ಮೈಕ್ ಹೊರಗೆ ತೆಗೆದ ಕೂಡಲೇ ಎಲ್ಲರೂ ಪಂಚಾಯಿತಿ ಸದಸ್ಯೆಯ ಯಜಮಾನರ ಕಡೆ ನೋಡತೊಡಗಿದರು. ಅವರು ಯೋಜನೆಗಳ ಹೆಸರನ್ನೆಲ್ಲ ಹೇಳಿ, ಮೇಲಧಿಕಾರಿಗಳಿಗೆ ಧನ್ಯವಾದ ಅರ್ಪಿಸಿ ಮುಗಿಸಿದರು. ನಿಜವಾಗಿ ಓಡಾಡಿದ ಹೆಣ್ಣುಮಕ್ಕಳು “ಅವ್ರ ಎಲ್ಲಾ ಹೇಳ್ಯಾರಲ್ರಿ” ಎಂದು ಸುಮ್ಮನಾದರು. ಇಂಥ ಸಂದರ್ಭವನ್ನು ಹೇಗೆ ನಿಭಾಯಿಸಬೇಕು? ಇನ್ನೊಂದು ಪ್ರಶ್ನೆ: ಮಾನಸಿಕ ಕಾಯಿಲೆಯಿಂದ ಚೇತರಿಸಿಕೊಂಡವರೊಬ್ಬರು ತಮ್ಮ ಅನುಭವ ಹೇಳಲು ಒಪ್ಪಿದ್ದಾರೆ. ಹೆಸರು ಬದಲಿಸಿದರೆ ಸಾಕೇ?

ಕಪ್ಪತಗುಡ್ಡ, ಗದಗ

ಇಂಥದ್ದೇ ಕಾರ್ಯಕ್ರಮ ನಡೆಸುತ್ತಿರುವುದರಿಂದ ಬರೆಯುತ್ತಿದ್ದೇನೆ. ಯಜಮಾನರನ್ನು ತಡೆಯಲು ಹೋಗಬೇಡಿ. ಅವರ ಮಾತನ್ನು ಮೊದಲೇ ಮುಗಿಸಿಕೊಂಡು, ಚಹಾ ಆದ ಮೇಲೆ ಕೆಲಸ ನಡೆಯುವ ಜಾಗಕ್ಕೇ ಮೈಕ್ ಒಯ್ಯಿರಿ. “ಏನು ಬದಲಾವಣೆ ತಂದಿರಿ?” ಎಂದು ಕೇಳಿದರೆ ಯಾರೇ ಆದರೂ ಭಾಷಣವನ್ನೇ ಕೊಡುತ್ತಾರೆ. ಈ ಸಮಿತಿಗಳಿಗೆ ರಾಷ್ಟ್ರೀಯ ಆರೋಗ್ಯ ಅಭಿಯಾನದಡಿ ವರ್ಷಕ್ಕೆ 10,000 ರೂಪಾಯಿಯವರೆಗೆ ಮುಕ್ತ ನಿಧಿ ನೀಡುವ ವ್ಯವಸ್ಥೆಯಿದೆ. ಮಾರ್ಗಸೂಚಿಯ ಪ್ರಕಾರ ಆಶಾ ಕಾರ್ಯಕರ್ತೆಯೇ ಸದಸ್ಯ ಕಾರ್ಯದರ್ಶಿ. ಆ ಹಣವನ್ನು ಚರಂಡಿ ಸ್ವಚ್ಛತೆಗೆ ಬಳಸಬೇಕೋ ತೂಕದ ಯಂತ್ರಕ್ಕೋ ಎಂಬುದು ಯಾವ ಸಭೆಯಲ್ಲಿ, ಯಾರ ಯಾರ ನಡುವೆ ವಾದವಾಗಿ ತೀರ್ಮಾನವಾಯಿತು ಎಂದು ಕೇಳಿ ನೋಡಿ. ಲೆಕ್ಕದ ಪುಸ್ತಕ ಯಾರ ಕೈಯಲ್ಲಿದೆಯೋ ಅವರೇ ಮಾತನಾಡಬೇಕಾಗುತ್ತದೆ.

ಮುಂಡರಗಿ ಕಡೆ ನಾವು ಮಾಡಿದ ಸಂಚಿಕೆ ಫ್ಲೋರೈಡ್ ಕುರಿತದ್ದು. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ, ಅದಕ್ಕಿಂತ ಹೆಚ್ಚಿರುವ ನೀರನ್ನು ಚಿಕ್ಕಂದಿನಿಂದ ಕುಡಿದವರ ಹಲ್ಲು ಕಂದುಗಟ್ಟಬಹುದು, ಪ್ರಮಾಣ ಬಹಳ ಹೆಚ್ಚಿದ್ದರೆ ವರ್ಷಗಟ್ಟಲೆ ಕುಡಿದವರ ಕೀಲುಗಳು ಬಿಗಿಯಬಹುದು. ಇದನ್ನೆಲ್ಲ ಊರಿನವರಿಂದ ಹೇಳಿಸುವ ಬದಲು, ಶುದ್ಧ ಕುಡಿಯುವ ನೀರಿನ ಘಟಕದ ಮುಂದೆ ಸರದಿಯಲ್ಲಿ ನಿಂತವರಿಗೆ “ಘಟಕ ಕೆಟ್ಟ ದಿನ ಮೊದಲು ಯಾರು ಏನು ಮಾಡುತ್ತೀರಿ?” ಎಂದಷ್ಟೇ ಕೇಳಿದೆವು. ಖಾಲಿ ಕ್ಯಾನನ್ನು ಸೊಂಟಕ್ಕೆ ಆನಿಸಿಕೊಂಡಿದ್ದ ಹಿರಿಯರೊಬ್ಬರು, ನಾಣ್ಯ ಹಾಕಿದರೂ ನೀರು ಬಾರದಿದ್ದರೆ ಯಾರ ಮನೆಗೆ ಸುದ್ದಿ ಹೋಗುತ್ತದೆ, ಯಾರು ಪಂಚಾಯಿತಿಗೆ ಹೋಗುತ್ತಾರೆ ಎಂಬುದನ್ನು ಬಿಡಿಸಿ ಹೇಳಿ, “ರಿಪೇರಿ ಮಾಡಾವ ಬರೂತನಕ ನಾವು ಆಫೀಸಿನ್ಯಾಗಿಂದ ಏಳಂಗಿಲ್ರಿ” ಎಂದರು. ಕ್ಯಾನಿಗೆ ನೀರು ಬೀಳುವ ಸದ್ದಿನಲ್ಲಿ ಅರ್ಧ ಮಾತು ಮುಳುಗಿತ್ತಾದರೂ ಅವರನ್ನು ಕೋಣೆಯಲ್ಲಿ ಕೂರಿಸಿ ಮತ್ತೆ ಹೇಳಿಸಲಿಲ್ಲ. ಎರಡನೆಯ ಸಲ ಹೇಳುವಾಗ ಅದೂ ಭಾಷಣವಾಗುತ್ತದೆ.

ಉಣಕಲ್, ಹುಬ್ಬಳ್ಳಿ

ನಿಮ್ಮ ಎರಡನೆಯ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ. ಮಾನಸಿಕ ಆರೋಗ್ಯ ಕೇಂದ್ರಗಳಲ್ಲಿ ಚಿಕಿತ್ಸೆ ಪಡೆಯುತ್ತಿರುವವರ ಭಾವಚಿತ್ರವನ್ನಾಗಲಿ ಮಾಹಿತಿಯನ್ನಾಗಲಿ ಅವರ ಒಪ್ಪಿಗೆಯಿಲ್ಲದೆ ಮಾಧ್ಯಮಗಳಿಗೆ ಕೊಡಬಾರದೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಹೇಳುತ್ತದೆ. ಆದರೆ ಒಪ್ಪಿಗೆ ಪತ್ರಕ್ಕೆ ಸಹಿ ಬಿದ್ದ ಮಾತ್ರಕ್ಕೆ ನಿರೂಪಕರ ಹೊಣೆ ಮುಗಿಯುವುದಿಲ್ಲ. ಹೆಸರು ಬದಲಿಸಿದರೆ ಬೆಂಗಳೂರಿನ ಕೇಳುಗರಿಗೆ ಗುರುತು ಸಿಗಲಿಕ್ಕಿಲ್ಲ. ಓಣಿಯವರಿಗೆ ಒಂದು ಕೆಮ್ಮು ಸಾಕು. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆಯಾದ ಡಿಮ್ಹಾನ್ಸ್‌ಗೆ ಹೋಗಿಬಂದ ವಿಷಯವನ್ನು ಬೀಗರಿಂದ ಮುಚ್ಚಿಟ್ಟಿರುವ ಕುಟುಂಬಗಳು ನಮ್ಮಲ್ಲಿ ಇಂದಿಗೂ ಇವೆ, ಮತ್ತು ಹೇಳುವವರಿಗೆ ಧೈರ್ಯವಿದ್ದರೂ ಮನೆಯಲ್ಲಿ ಮದುವೆಗೆ ಬಂದ ತಂಗಿ ಇರಬಹುದು. ಆದ್ದರಿಂದ ಒಪ್ಪಿಗೆಯನ್ನು ಎರಡು ಸಲ ಕೇಳಿ: ಧ್ವನಿಮುದ್ರಣಕ್ಕೆ ಮೊದಲು ಒಮ್ಮೆ, ಸಂಕಲನ ಮುಗಿದ ಸಂಚಿಕೆಯನ್ನು ಅವರಿಗೆ ಪೂರ್ತಿ ಕೇಳಿಸಿದ ಮೇಲೆ ಇನ್ನೊಮ್ಮೆ. ಒಂದು ಸಲ ವಾಟ್ಸಾಪ್‌ಗೆ ಹೋದ ಧ್ವನಿಯನ್ನು ಯಾರಿಂದಲೂ ಹಿಂದಕ್ಕೆ ತರಲಾಗದು ಎಂಬುದನ್ನೂ ಮುಚ್ಚುಮರೆಯಿಲ್ಲದೆ ತಿಳಿಸಿ. ಅವರು ಹಿಂಜರಿದರೆ, ಅವರ ಮಾತುಗಳನ್ನೇ ಬೇರೆಯವರು ಓದಲಿ. ಹಾಗೆ ಓದಿದ್ದೆಂದು ಕೇಳುಗರಿಗೂ ಹೇಳಿ.

ವರದಾ ತೀರ, ಹಾವೇರಿ

ಕಪ್ಪತಗುಡ್ಡದವರ ಮಾತಿಗೆ ಒಂದು ಸಣ್ಣ ತಕರಾರು ಇದೆ. ಜನರ ಪಾಲನ್ನು ತೋರಿಸುವ ಭರದಲ್ಲಿ ಸಿಬ್ಬಂದಿಯನ್ನು ಹೊರಗಿಟ್ಟರೆ ಅದೂ ಅರ್ಧ ಸತ್ಯವೇ. ಮಹಾರಾಷ್ಟ್ರದ ಜಾಮಖೇಡದಲ್ಲಿ 1970ರಲ್ಲಿ ಆರಂಭವಾದ ಆರೋಗ್ಯ ಯೋಜನೆಯಲ್ಲಿ ಹಳ್ಳಿಯ ಹೆಣ್ಣುಮಕ್ಕಳೇ ಆರೋಗ್ಯ ಕಾರ್ಯಕರ್ತೆಯರಾದರು, ನಿಜ; ಅವರಿಗೆ ತರಬೇತಿ ಕೊಟ್ಟವರು ಆರೋಳೆ ದಂಪತಿ, ಇಬ್ಬರೂ ವೈದ್ಯರು. ಕೇರಳದ ಮಲಪ್ಪುರಂನಲ್ಲಿ ಹಾಸಿಗೆ ಹಿಡಿದವರನ್ನು ಹುಡುಕಿಕೊಂಡು ಹೋಗುವವರು ನೆರೆಹೊರೆಯ ಸ್ವಯಂಸೇವಕರು, ಆದರೆ ಗಾಯ ತೊಳೆದು ಪಟ್ಟಿ ಕಟ್ಟಲು, ನೋವಿನ ಔಷಧಿ ಬರೆಯಲು ನರ್ಸ್ ಮತ್ತು ವೈದ್ಯರು ಬೇಕೇ ಬೇಕು. ಹಾಗೆಂದು ಸಂಚಿಕೆಯ ಕೊನೆಗೆ ವೈದ್ಯರನ್ನು ಕರೆತಂದು ತೀರ್ಪುಗಾರರಂತೆ ಮಾತನಾಡಿಸಬೇಡಿ. ಉಳಿದವರ ನಡುವೆಯೇ ಕೂರಿಸಿ. ಯಾರಾದರೂ “ಸಕ್ಕರೆ ಕಾಯಿಲೆಯ ಗುಳಿಗೆ ಬಿಟ್ಟು ಕಷಾಯ ಕುಡಿದೆ” ಎಂದರೆ ಅಲ್ಲಿಯೇ ಪ್ರಶ್ನೆ ಬರಬೇಕು. ಅದು ಬಾರದಿದ್ದರೆ ಆ ಭಾಗವನ್ನು ತೆಗೆಯಬೇಕು.

ಇನ್ನು, ಮಾತನಾಡಿದವರೇ ಕೇಳದ ಪಾಡ್‌ಕಾಸ್ಟ್ ಯಾರಿಗಾಗಿ? 1950ರಿಂದ ಧಾರವಾಡ ಆಕಾಶವಾಣಿಯನ್ನು ಕೇಳುತ್ತ ಬಂದ ಸೀಮೆ ನಮ್ಮದು, ಕೇಳುವ ಅಭ್ಯಾಸಕ್ಕೇನೂ ಕೊರತೆಯಿಲ್ಲ. ಆದರೆ ಆ್ಯಪ್ ಹುಡುಕಿ ಮುಕ್ಕಾಲು ಗಂಟೆಯ ಸಂಚಿಕೆ ಇಳಿಸಿಕೊಳ್ಳುವವರು ಕಡಿಮೆ. ಏಳೆಂಟು ನಿಮಿಷದ ತುಣುಕು ಮಾಡಿ ಸ್ತ್ರೀಶಕ್ತಿ ಸಂಘದ ಸಭೆಯಲ್ಲಿ ಸ್ಪೀಕರ್ ಹಚ್ಚಿ ಕೇಳಿಸಿ. “ಅದು ಹಂಗಲ್ರಿ” ಎಂದು ತಕರಾರು ತೆಗೆಯುವವರೇ ನಿಮ್ಮ ಮುಂದಿನ ಸಂಚಿಕೆಯ ಅತಿಥಿಗಳು.

ಮಾಳಮಡ್ಡಿ, ಧಾರವಾಡ

ಮೂವರಿಗೂ ಧನ್ಯವಾದಗಳು. ಸಮಿತಿಯವರನ್ನು ಅಂಗನವಾಡಿಯಲ್ಲಿ ತೂಕ ಹಾಕುವ ದಿನವೇ ಮತ್ತೆ ಭೇಟಿಯಾಗುತ್ತೇವೆ. ಒಂದು ವಿಷಯ ಉಳಿಯಿತು: ಕೂಲಿ ಬಿಟ್ಟು ಬಂದು ಮಾತನಾಡುವವರಿಗೆ ಹಣ ಕೊಡುವುದು ಸರಿಯೇ?

ಕಪ್ಪತಗುಡ್ಡ, ಗದಗ

ಕೊಡಬೇಕು. ಆ ದಿನದ ಕೂಲಿ ಮತ್ತು ಬಸ್ ಖರ್ಚು, ಎಲ್ಲರಿಗೂ ಒಂದೇ ಮೊತ್ತ, ಧ್ವನಿಮುದ್ರಣಕ್ಕೆ ಮೊದಲೇ ಎಲ್ಲರೆದುರು ತಿಳಿಸಿ ಕೊಡಿ. ಆದರೆ ಆ ಹಣ ಸಂಚಿಕೆಯಲ್ಲಿ ಚರ್ಚೆಗೆ ಬರುವ ಆಸ್ಪತ್ರೆಯಿಂದಾಗಲಿ ಸಂಸ್ಥೆಯಿಂದಾಗಲಿ ಬಂದಿರಬಾರದು.